ದೇವರಗುಡ್ಡದ ಸುತ್ತಲ ಹೂಳು, ಧ್ರುವ ಸಮುದ್ರದ ಹೂಳು: ತುಂಗಭದ್ರಾ ಮತ್ತು ಲೇನಾ

ಸೈಬೀರಿಯಾದ ಲೇನಾ ನದಿಯ ಜಲಾನಯನ ಪ್ರದೇಶ ಸುಮಾರು 24 ಲಕ್ಷ ಚದರ ಕಿ.ಮೀ. ಅಷ್ಟು ನೆಲವನ್ನು ತೊಳೆದು ಅದು ಉತ್ತರ ಧ್ರುವ ಸಮುದ್ರದತ್ತ ಒಯ್ಯುವ ತೇಲುಹೂಳು ವರ್ಷಕ್ಕೆ 2 ಕೋಟಿ ಟನ್‌ನ ಆಸುಪಾಸು. ದೇವರಗುಡ್ಡ, ರಾಣೆಬೆನ್ನೂರು, ಬ್ಯಾಡಗಿಗಳ ಮಳೆನೀರೂ ಸೇರುವ ಹೊಸಪೇಟೆಯ ತುಂಗಭದ್ರಾ ಜಲಾಶಯದ ಜಲಾನಯನ ಪ್ರದೇಶ ಸುಮಾರು 28,180 ಚದರ ಕಿ.ಮೀ., ಅಂದರೆ ಲೇನಾದ ಎಂಬತ್ತೈದರಲ್ಲಿ ಒಂದು ಪಾಲು. ಹೂಳಿನಲ್ಲಿ ಮಾತ್ರ ಇವೆರಡೂ ಹೆಚ್ಚುಕಡಿಮೆ ಸರಿಸಮ.

ಲೆಕ್ಕ ಹೀಗಿದೆ. 1953ರಲ್ಲಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2008ರ ಸಮೀಕ್ಷೆಯಲ್ಲಿ ಅದು 100.86ಕ್ಕೆ ಇಳಿದಿತ್ತು, 2016ರಲ್ಲಿ 105.79 ಎಂದಾಯಿತು. ಹೂಳು ತಾನಾಗಿ ಎದ್ದುಹೋಗುವುದಿಲ್ಲವಾದ್ದರಿಂದ ಈ ಐದು ಟಿಎಂಸಿಯ ಏರಿಕೆಯನ್ನು ಅಳತೆಗಳ ನಡುವಿನ ಅಂತರವೆಂದೇ ಓದಬೇಕು. ಪತ್ರಿಕೆಗಳಲ್ಲಿ ದಶಾಂಶ ಸಮೇತ ಬರುವ ಅಂಕಿಗಳನ್ನು ಎಷ್ಟು ನೆಚ್ಚಬಹುದು ಎಂಬುದೂ ಇದರಿಂದ ತಿಳಿಯುತ್ತದೆ. ಎರಡೂ ಸಮೀಕ್ಷೆಗಳನ್ನು ಮೇಲುಮಿತಿ, ಕೆಳಮಿತಿ ಎಂದಿಟ್ಟುಕೊಂಡರೆ ವರ್ಷಕ್ಕೆ 1.2ರಿಂದ 1.6 ಕೋಟಿ ಘನ ಮೀಟರ್ ಹೂಳು ನಿಂತಂತಾಯಿತು. ಘನ ಮೀಟರಿಗೆ 1.2 ಟನ್ ಎಂದು ಹಿಡಿದರೆ ಒಂದೂವರೆಯಿಂದ ಎರಡು ಕೋಟಿ ಟನ್. ಲೇನಾದ ಅಂಕಿ ತೇಲುಹೂಳಿನದು ಮಾತ್ರ, ನಮ್ಮದರಲ್ಲಿ ತಳದಲ್ಲಿ ಉರುಳಿ ಬಂದ ಮರಳೂ ಸೇರಿದೆ. ಆ ರಿಯಾಯಿತಿ ಕೊಟ್ಟರೂ ಚದರ ಕಿ.ಮೀ. ಲೆಕ್ಕದಲ್ಲಿ ಅಂತರ ಹತ್ತಾರು ಪಟ್ಟು ಉಳಿಯುತ್ತದೆ.

ಲೇನಾ ಕಡೆಯ ನೆಲ ಬಹುಪಾಲು ಸದಾ ಹೆಪ್ಪುಗಟ್ಟಿದ್ದು. ಮೇ ಕೊನೆ, ಜೂನ್ ಹೊತ್ತಿಗೆ ಹಿಮ ಕರಗಿ ಪ್ರವಾಹ ಬಂದಾಗಲೂ ನೀರು ಕಲ್ಲಿನಂಥ ಮಣ್ಣಿನ ಮೇಲೆ ಹರಿಯುತ್ತದೆ. ಹಾಗೆಂದು ಚಳಿಯೊಂದನ್ನೇ ಕಾರಣವೆನ್ನಲಾಗದು. ಧ್ರುವ ಸಮುದ್ರಕ್ಕೆ ಅತಿ ಹೆಚ್ಚು ನೀರು ತರುವ ಯೆನಿಸೇಯ್ ನದಿಯ ಹೂಳು 50 ಲಕ್ಷ ಟನ್ ಮಾತ್ರ. ಕೆನಡಾದ ಮೆಕೆಂಜಿಯದು 12 ಕೋಟಿ ಟನ್‌ನಷ್ಟು. ಮೆಕೆಂಜಿಯ ಮೇಲ್ಭಾಗದ ಹೂಳನ್ನು ಗ್ರೇಟ್ ಸ್ಲೇವ್ ಸರೋವರ ತಡೆಯುತ್ತದೆ. ಅದರ ಕೆಳಗೆ ಬಂದು ಕೂಡುವ ಲಿಯಾರ್ಡ್, ಪೀಲ್ ಎಂಬ ಬೆಟ್ಟದ ಉಪನದಿಗಳೇ ಮತ್ತೆ ಹೂಳು ತುಂಬಿಕೊಡುತ್ತವೆ. ಇಳಿಜಾರು, ಸಡಿಲ ಮಣ್ಣು, ದಾರಿಯಲ್ಲಿನ ತಡೆ ಇವು ನೀರಿನ ಪ್ರಮಾಣಕ್ಕಿಂತ ಹೆಚ್ಚು ನಿರ್ಣಾಯಕ.

ಈ ಮಾನದಂಡವನ್ನೇ ತುಂಗಭದ್ರೆಗೂ ಹಿಡಿಯಬೇಕು. ಹೂಳೆಂದರೆ ಮಲೆನಾಡಿನದು, ಅದರಲ್ಲೂ ಕುದುರೆಮುಖ ಗಣಿಯದು ಎಂಬ ಮಾತು ರೂಢಿಯಲ್ಲಿದೆ. 2005ರ ಕೊನೆಗೆ ನಿಂತ ಆ ಗಣಿ ಭದ್ರೆಯನ್ನು ಕೆಡಿಸಿದ್ದು ನಿಜ. ಆದರೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1960ರ ದಶಕದಿಂದ ಆ ದಾರಿಗೆ ಅಡ್ಡ ನಿಂತಿದೆ. ಘಟ್ಟ ನೀರು ಕೊಡುತ್ತದೆ, ಮಣ್ಣಿನ ದೊಡ್ಡ ಪಾಲು ಬಯಲುಸೀಮೆಯದು ಎಂಬುದು ನನ್ನ ತರ್ಕ. ರಾಣೆಬೆನ್ನೂರು ಸುತ್ತಿನ ಗ್ರೇವ್ಯಾಕ್ ಮತ್ತು ಜೇಡಿಶಿಲೆಗಳು ಬೇಗ ಸವೆಯುವಂಥವು. (ಇವೂ ಸುಮಾರು 260 ಕೋಟಿ ವರ್ಷಗಳ ಹಿಂದೆ ಸಮುದ್ರದಡಿ ಕೂತ ಹೂಳೇ, ಈ ಸೀಮೆಗೆ ಹೂಳು ಹೊಸದಲ್ಲ.) ಎರೆ, ಮಸಾರಿ ಹೊಲಗಳಿಗೆ ಕುಂಟೆ ಹೊಡೆದು ಬಿತ್ತನೆಗೆ ಕಾದಿರುವಾಗ, ಪೈರಿನ ಹೊದಿಕೆಯಿಲ್ಲದ ನೆಲದ ಮೇಲೆ ಮುಂಗಾರಿನ ಮೊದಲ ದಪ್ಪ ಹನಿ ಬೀಳುತ್ತದೆ. ಬದು ಒಡೆದರೆ ರಾಡಿ ನೀರು ನೇರ ಹಳ್ಳಕ್ಕೆ. ನಡುವೆ ಕೆರೆಯಿದ್ದರೆ ಗೋಡು ಅಲ್ಲೇ ನಿಲ್ಲುತ್ತದೆ, ಬೇಸಿಗೆಯಲ್ಲಿ ರೈತರು ಅದನ್ನು ಹೇರಿಕೊಂಡು ಹೊಲಕ್ಕೆ ಮರಳಿಸುತ್ತಾರೆ. ಹೂಳೆತ್ತದ ಕೆರೆ ಮಾತ್ರ ತುಂಬಿ, ಬಂದ ಮಣ್ಣನ್ನು ಕೋಡಿಯ ಮೇಲಿಂದ ಮುಂದಕ್ಕೆ ಕಳಿಸುತ್ತದೆ.

ಲೇನಾದ ಹೂಳಿನ ಒಂದಂಶ ಅದು ಸೇರುವ ಲಾಪ್ಟೆವ್ ಸಮುದ್ರದ ಮಂಜುಗಡ್ಡೆಯಲ್ಲಿ ಸೆರೆಯಾಗಿ, ಧ್ರುವ ಸಮುದ್ರದ ಆಚೆಯಂಚಿನ ಫ್ರಾಮ್ ಜಲಸಂಧಿಯವರೆಗೂ ತೇಲುತ್ತದೆ. ನಮ್ಮ ಹೂಳಿನ ಪಯಣ ಹೊಸಪೇಟೆಗೇ ಮುಗಿಯುವುದು. ಕೃಷ್ಣಾ ಮುಖಜಭೂಮಿಗೆ ಹಿಂದೆ ಸಲ್ಲುತ್ತಿದ್ದ ಮಣ್ಣಿನ ಬಹುಭಾಗ ಈಗ ಮೇಲಿನ ಅಣೆಕಟ್ಟುಗಳಲ್ಲೇ ತಂಗಿದೆ.

ತರ್ಕವನ್ನು ಒರೆಗೆ ಹಚ್ಚಲು ಹೊಸ ಯಂತ್ರವೇನೂ ಬೇಕಿಲ್ಲ. ಹಾವೇರಿ ಜಿಲ್ಲೆಯಲ್ಲೇ ಕೇಂದ್ರ ಜಲ ಆಯೋಗದ ಎರಡು ಮಾಪನ ಕೇಂದ್ರಗಳಿವೆ: ತುಂಗಭದ್ರೆಗೆ ಹರಳಹಳ್ಳಿ, ಅದರ ಉಪನದಿ ವರದೆಗೆ ಮರೋಳ. ಎರಡೂ ಕಡೆ ಜೂನ್ ತಿಂಗಳ ಹೂಳಿನ ಸಾಂದ್ರತೆಯನ್ನು ಆಗಸ್ಟ್‌ನದರೊಡನೆ ಹೋಲಿಸಬೇಕು. ಬಯಲಿನ ಮಣ್ಣೇ ಹೆಚ್ಚಾಗಿದ್ದರೆ ಘಟ್ಟದ ನೆರೆ ಏರುವ ಮುನ್ನ, ಜೂನ್‌ನಲ್ಲೇ, ಪ್ರತಿ ಲೀಟರಿನ ಹೂಳು ಗರಿಷ್ಠ ಮಟ್ಟ ಮುಟ್ಟಿರಬೇಕು.