ಹುಬ್ಬಿನ ಮೇಲೆ ಕೈಯಿಟ್ಟು ನೋಡಿದವರು

ಕೊರಿಯಾದ ಹಳ್ಳಿಗಳಲ್ಲಿ ಹಿಂದೆ ಮಗು ಹುಟ್ಟಿದ ಮನೆಯ ಬಾಗಿಲಿಗೆ ಭತ್ತದ ಹುಲ್ಲಿನ ಹಗ್ಗವೊಂದನ್ನು ಅಡ್ಡಲಾಗಿ ಕಟ್ಟುತ್ತಿದ್ದರು. ದಿನಬಳಕೆಯ ಹಗ್ಗವನ್ನು ಬಲಕ್ಕೆ ಹೊಸೆದರೆ ಇದನ್ನು ಎಡಕ್ಕೆ ಹೊಸೆಯುತ್ತಿದ್ದರು. ಹೆಸರು ‘ಗುಮ್‌ಜುಲ್’, ಅಂದರೆ ತಡೆಯುವ ಹಗ್ಗ. ಗಂಡುಮಗುವಾದರೆ ಅದಕ್ಕೆ ಕೆಂಪು ಮೆಣಸಿನಕಾಯಿ ಮತ್ತು ಇದ್ದಿಲು ಸಿಕ್ಕಿಸುತ್ತಿದ್ದರು, ಹೆಣ್ಣಾದರೆ ಇದ್ದಿಲು ಮತ್ತು ಪೈನ್ ಮರದ ಟೊಂಗೆ. ಇಪ್ಪತ್ತೊಂದು ದಿನ ಹೊರಗಿನವರು ಆ ಹಗ್ಗ ದಾಟುವಂತಿರಲಿಲ್ಲ. ಒಳಗೆ ಬೆಚ್ಚನೆಯ ನೆಲದ ಮೇಲೆ ಬಾಣಂತಿ ಕಡಲಕಳೆಯ ಸಾರು ಕುಡಿಯುತ್ತ ಮಲಗಿರುತ್ತಿದ್ದಳು. ನೂರನೆಯ ದಿನ ‘ಪೇಗಿಲ್’ ಎಂಬ ಹಬ್ಬ. ನೂರು ದಿನ ದಾಟಿದ ಮಗು ಇನ್ನು ಉಳಿಯಿತು ಎಂದು ಊರಿಗೆ ಅಕ್ಕಿಯ ಸಿಹಿ ಹಂಚುತ್ತಿದ್ದರು. ಆ ಹಬ್ಬದೊಳಗೆ ಎಷ್ಟು ಭಯ ಅಡಗಿದೆ ಎಂಬುದನ್ನು ಬಾಣಂತಿ ಕೋಣೆಯ ಹೊರಗೆ ಕೂತು ಕಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಹಗ್ಗದಲ್ಲಿ ವಿವೇಕವಿತ್ತು. ಸೋಂಕನ್ನು ಹೊತ್ತು ತರಬಹುದಾದವರನ್ನು ಅದು ಹೊರಗೆ ನಿಲ್ಲಿಸುತ್ತಿತ್ತು. ಆದರೆ ಹಸುಗೂಸುಗಳು ಹೆಚ್ಚಾಗಿ ಸಾಯುವುದೂ ಅದೇ ದಿನಗಳಲ್ಲಿ. ಸಾವಿನ ಕಾರಣ ಗೊತ್ತಾಗಬೇಕಾದರೆ ಯಾರಾದರೂ ಒಳಗೆ ಹೋಗಲೇಬೇಕು. ಯಾರು ಹೋದರು, ಒಳಗೆ ಹೋಗಿ ಏನು ಕೇಳಿದರು?

ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಶಿಶುಮರಣದ ಕೋಷ್ಟಕಗಳನ್ನು ಓದುವುದು ದಿನನಿತ್ಯದ ಕೆಲಸ. ಒಮ್ಮೆ ನನ್ನ ಅಧ್ಯಾಯದ ಕರಡು ನೋಡಿದ ಗೈಡ್ ಮೇಡಂ, “ಅಂಕಿಗಳನ್ನೆಲ್ಲ ಚೆನ್ನಾಗಿ ಜೋಡಿಸಿದ್ದೀಯ. ಆದರೆ ಇವನ್ನು ಬರೆದುಕೊಂಡ ಕೈ ಯಾರದು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಹೆಚ್ಚು ಕಲಿಸಿದ್ದು ಕೊರಿಯಾದ ನರ್ಸುಗಳ ಚರಿತ್ರೆ.

1887ರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ವೈದ್ಯೆ ಮೆಟಾ ಹೊವಾರ್ಡ್ ಸಿಯೋಲ್‌ನಲ್ಲಿ ಹೆಂಗಸರಿಗಾಗಿಯೇ ಒಂದು ಆಸ್ಪತ್ರೆ ಆರಂಭಿಸಿದಳು. ಗಂಡಸು ವೈದ್ಯನ ಮುಂದೆ ಹೆಂಗಸರು ಬರಲಾಗದ ಕಾಲ ಅದು. ಅರಮನೆಯೇ ಅದಕ್ಕೆ ‘ಪೊಗು ಯೊಗ್ವಾನ್’ ಎಂಬ ಹೆಸರು ಕೊಟ್ಟಿತು. ಹೆಣ್ಣುಮಕ್ಕಳನ್ನು ಕಾಪಾಡಿ ಉಳಿಸುವ ಮನೆ ಎಂದು ಅದರ ಅರ್ಥ. 1903ರಲ್ಲಿ ಮಾರ್ಗರೆಟ್ ಎಡ್ಮಂಡ್ಸ್ ಅಲ್ಲಿಯೇ ಕೊರಿಯಾದ ಮೊದಲ ನರ್ಸಿಂಗ್ ಶಾಲೆಯನ್ನು ತೆರೆದಳು. ಆಗ ಎದುರಾದ ಒಂದು ತೊಡಕು ಪದದ್ದು. ಈ ಕೆಲಸ ಮಾಡುವವಳನ್ನು ಕೊರಿಯನ್ನಿನಲ್ಲಿ ಏನೆಂದು ಕರೆಯಬೇಕು? ಕೊನೆಗೆ ‘ಗಾನ್‌ಹೊವನ್’ ಎಂಬ ಪದ ಹುಟ್ಟಿತು. ಗಾನ್ ಎಂದರೆ ನೋಡುವುದು, ಹೊ ಎಂದರೆ ಕಾಪಾಡುವುದು, ವನ್ ಎಂದರೆ ಆ ಕೆಲಸದಲ್ಲಿರುವವರು. ಇಲ್ಲಿನ ‘ಗಾನ್’ ಅನ್ನು ಬರೆಯುವ ಚೀನೀ ಅಕ್ಷರದಲ್ಲಿ ಕೆಳಗೆ ಕಣ್ಣು, ಅದರ ಮೇಲೆ ಕೈ ಇದೆ. ಬಿಸಿಲಿನಲ್ಲಿ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ದೂರಕ್ಕೆ ದಿಟ್ಟಿಸುವ ಭಂಗಿ ಅದು. ಆರೈಕೆಗಿಂತ ಮೊದಲು ನೋಟ ಬರುತ್ತದೆ ಎಂಬುದು ಆ ಹೆಸರಿನಲ್ಲೇ ಇದೆ.

1908ರಲ್ಲಿ ಆ ಶಾಲೆಯಿಂದ ತೇರ್ಗಡೆಯಾದ ಮೊದಲ ಇಬ್ಬರು ಗ್ರೇಸ್ ಯೀ ಮತ್ತು ಮಾರ್ಥಾ ಕಿಮ್. ಇಬ್ಬರೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ರೋಗಿಗಳಾಗಿ. ಗ್ರೇಸ್ ಜೀತದ ಹುಡುಗಿ. ಕಾಲಿನ ಕಾಯಿಲೆಯಿಂದ ನಡೆಯಲಾರದವಳಾದಾಗ ಯಜಮಾನರು ಕೈಬಿಟ್ಟಿದ್ದರು. ಮಾರ್ಥಾ ಗಂಡನ ಕೈಯಲ್ಲಿ ಅಂಗಭಂಗಕ್ಕೆ ಒಳಗಾದವಳು. ಮರ್ಯಾದಸ್ಥ ಮನೆಗಳ ಹೆಣ್ಣುಮಕ್ಕಳು ಹೊಸ್ತಿಲು ದಾಟಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಹೊಸ್ತಿಲಿನಿಂದ ಹೊರದೂಡಲ್ಪಟ್ಟವರೇ ಬೇರೆ ಮನೆಗಳ ಹೊಸ್ತಿಲು ದಾಟುವ ಕೆಲಸ ಕಲಿತರು.

1910ರಲ್ಲಿ ಕೊರಿಯಾ ಜಪಾನಿನ ವಸಾಹತಾಯಿತು. 1919ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಣೆ ಮಾಡಿದ ನಾಯಕರು ಸೇರಿದ್ದು ಸಿಯೋಲ್‌ನ ತೇಹ್ವಾ ಎಂಬ ಉಪಾಹಾರಗೃಹದಲ್ಲಿ. ಎರಡು ವರ್ಷಗಳ ನಂತರ ಅದೇ ಜಾಗ ಮಹಿಳೆಯರ ಸೇವಾಕೇಂದ್ರವಾಯಿತು. 1920ರ ದಶಕದಲ್ಲಿ ಎಲ್ಮಾ ರೋಸೆನ್‌ಬರ್ಗರ್ ಎಂಬ ಅಮೆರಿಕನ್ ನರ್ಸ್ ಅಲ್ಲಿ ಶಿಶುಗಳಿಗಾಗಿ ಕ್ಲಿನಿಕ್ ನಡೆಸಿದಳು. ಅವಳ ಜೊತೆಗಿದ್ದ ಹಾನ್ ಶಿನ್-ಗ್ವಾಂಗ್ ನರ್ಸೂ ಹೌದು, ಸೂಲಗಿತ್ತಿಯೂ ಹೌದು. ಮಾರ್ಚ್ 1ರ ಚಳವಳಿಯಲ್ಲಿ ಪಾಲ್ಗೊಂಡಿದ್ದವಳು. ಅದೇ ಸುಮಾರಿಗೆ ದಕ್ಷಿಣದ ಗೊಂಗ್‌ಜು ಊರಿನಲ್ಲಿ ಮಾರೆನ್ ಬೋರ್ಡಿಂಗ್ ಇಂಥದೇ ಕೆಲಸ ಶುರು ಮಾಡಿದಳು.

ಈ ಕ್ಲಿನಿಕ್‌ಗಳಲ್ಲಿ ನಡೆಯುತ್ತಿದ್ದದ್ದು ತೀರಾ ಸಾಧಾರಣವಾದ ಕೆಲಸ. ಕಾಯಿಲೆ ಬಂದ ಮೇಲಲ್ಲ, ಮಗು ಚೆನ್ನಾಗಿರುವಾಗಲೇ ಕರೆತರಲು ತಾಯಂದಿರಿಗೆ ಹೇಳುವುದು; ತೂಕ ನೋಡಿ ಬರೆದಿಡುವುದು; ಸ್ನಾನ ಮಾಡಿಸಿ ತೋರಿಸುವುದು; ಎದೆಹಾಲು ಸಾಲದ ಕೂಸಿಗೆ ಸೋಯಾ ಹಾಲು ಕೊಡುವುದು; ಬಾರದವರ ಮನೆಗೆ ತಾವೇ ಹೋಗುವುದು. ಹಸುವಿನ ಹಾಲು ರೂಢಿಯಲ್ಲಿಲ್ಲದ ನಾಡಿನಲ್ಲಿ ಸೋಯಾ ಅವರ ಕೈಗೆ ಸಿಕ್ಕ ಉತ್ತರ. ಇದನ್ನು ಆಗ ಯಾರೂ ಸಂಶೋಧನೆ ಎಂದು ಕರೆಯಲಿಲ್ಲ. ಆದರೆ ಒಂದೇ ಮಗುವಿನ ತೂಕವನ್ನು ಮತ್ತೆ ಮತ್ತೆ ಬರೆದು, ಯಾವ ತಿಂಗಳಲ್ಲಿ ಅದು ಇಳಿಯಿತು, ಆ ಮನೆಯಲ್ಲಿ ಆಗ ಏನು ನಡೆದಿತ್ತು ಎಂದು ಕೇಳುವುದು ಸಂಶೋಧನೆಯಲ್ಲದೆ ಇನ್ನೇನು?

ಹೀಗೆ ನೋಡುವವರಿಗೆ ತಮ್ಮದೇ ದನಿ ಸುಲಭವಾಗಿ ದಕ್ಕಲಿಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದು ಗ್ವಾಂಗ್‌ಜುವಿನಲ್ಲಿ ದುಡಿದ ಎಲಿಸಬೆತ್ ಶೆಪ್ಪಿಂಗ್ 1923ರಲ್ಲಿ ನರ್ಸುಗಳ ಸಂಘ ಕಟ್ಟಿದಳು. ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯಲ್ಲಿ ಕೊರಿಯಾಕ್ಕೆ ಪ್ರತ್ಯೇಕ ಸ್ಥಾನ ಕೇಳಿದರೂ ವಸಾಹತಿಗೆ ಅದು ಸಿಗಲಿಲ್ಲ. ಸಿಕ್ಕಿದ್ದು 1949ರಲ್ಲಿ. ಅದನ್ನು ನೋಡಲು ಶೆಪ್ಪಿಂಗ್ ಇರಲಿಲ್ಲ, 1934ರಲ್ಲೇ ತೀರಿಕೊಂಡಿದ್ದಳು.

ಇಲ್ಲಿಯವರೆಗಿನ ಕತೆಯನ್ನು ಅಭಿಮಾನದಿಂದ ಹೇಳಬಹುದು. ಮುಂದಿನದು ಅಷ್ಟು ಸಲೀಸಲ್ಲ. 1950–53ರ ಯುದ್ಧದಲ್ಲಿ ನುಚ್ಚುನೂರಾದ ದಕ್ಷಿಣ ಕೊರಿಯಾದಲ್ಲಿ 1960ರ ಹೊತ್ತಿಗೆ ಒಬ್ಬ ಮಹಿಳೆಗೆ ಸರಾಸರಿ ಆರು ಮಕ್ಕಳು. 1962ರಲ್ಲಿ ಮಿಲಿಟರಿ ಸರ್ಕಾರ ಕುಟುಂಬ ಯೋಜನೆಯನ್ನು ಆರ್ಥಿಕ ಯೋಜನೆಯ ಭಾಗವಾಗಿಸಿತು. ಆ ವರ್ಷ ಯೊನ್ಸೆ ವಿಶ್ವವಿದ್ಯಾಲಯ ಕೊಯಾಂಗ್ ಜಿಲ್ಲೆಯ ಹಳ್ಳಿಗಳಲ್ಲೂ, 1964ರಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ನಗರದ ಸುಂಗ್‌ದಾಂಗ್ ಭಾಗದಲ್ಲೂ ಪ್ರಯೋಗಗಳನ್ನು ನಡೆಸಿದವು. ಕಾರ್ಯಕರ್ತೆಯರು ಮನೆಮನೆಗೆ ಹೋದರು. ಅದೇ ಬಾಗಿಲು, ಅದೇ ನೋಟ್‌ಬುಕ್. ಆದರೆ ಈಗ ಮೊದಲ ಪ್ರಶ್ನೆ ‘ಮಗುವಿನ ತೂಕ ಎಷ್ಟು’ ಎಂಬುದಲ್ಲ, ‘ಎಷ್ಟು ಮಕ್ಕಳು, ವಂಕಿ ಹಾಕಿಸಿಕೊಂಡೆಯಾ’ ಎಂಬುದು. ಮೇಲಿನಿಂದ ಗುರಿ ನಿಗದಿಯಾಗುತ್ತಿತ್ತು, ಕೆಳಗೆ ಅದನ್ನು ಮುಟ್ಟಬೇಕಿತ್ತು. ನಮ್ಮ ದೇಶದ ಎಪ್ಪತ್ತರ ದಶಕವನ್ನು ಬಲ್ಲವರಿಗೆ ಈ ಗುರಿಗಳ ಭಾಷೆ ಹೊಸದಲ್ಲ.

ಆ ಕಾರ್ಯಕ್ರಮದಿಂದ ಹೆಂಗಸರಿಗೆ ಒಳಿತೇ ಆಗಲಿಲ್ಲ ಎನ್ನಲಾರೆ. ಹೆತ್ತು ಹೆತ್ತು ಸೊರಗಿದವರಿಗೆ ಅದು ಬಿಡುಗಡೆಯೂ ಹೌದು. 1983ರ ವೇಳೆಗೆ ಸರಾಸರಿ ಎರಡು ಮಕ್ಕಳಿಗೆ ಇಳಿಯಿತು. ಆದರೆ ಬಾಗಿಲ ಹಗ್ಗದ ಮೆಣಸಿನಕಾಯಿಯ ಆಸೆ ಇಳಿಯಲಿಲ್ಲ. ಕಡಿಮೆ ಮಕ್ಕಳು ಸಾಕು, ಆದರೆ ಅದರಲ್ಲೊಂದು ಗಂಡಿರಲಿ ಎಂಬ ಹಟಕ್ಕೆ ಸ್ಕ್ಯಾನಿಂಗ್ ಜೊತೆಯಾಗಿ, 1990ರಲ್ಲಿ ನೂರು ಹೆಣ್ಣು ಶಿಶುಗಳಿಗೆ 116 ಗಂಡು ಶಿಶುಗಳು ಹುಟ್ಟಿದವು. ಮಕ್ಕಳ ಸಂಖ್ಯೆಯನ್ನಷ್ಟೇ ಕೇಳುತ್ತಿದ್ದ ನೋಟ್‌ಬುಕ್ಕಿನಲ್ಲಿ ಆ ಮನೆಗಳ ಮನಸ್ಸಿಗೆ ಕಾಲಂ ಇರಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. ವೈದ್ಯರು ನಗರಗಳಲ್ಲೇ ಉಳಿಯುತ್ತಿದ್ದರು. ಹಳ್ಳಿಗಳಲ್ಲಿ ಡಾಕ್ಟರ್ ಇರಲಿಲ್ಲ. 1976ರಲ್ಲಿ ಸ್ಥಾಪನೆಯಾದ ಕೊರಿಯಾ ಆರೋಗ್ಯ ಅಭಿವೃದ್ಧಿ ಸಂಸ್ಥೆ ಹಾಂಗ್‌ಚನ್, ಗುನ್ವಿ, ಒಕ್‌ಗು ಎಂಬ ಮೂರು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿತು. ತರಬೇತಿ ಪಡೆದ ನರ್ಸುಗಳಿಗೆ ಹಳ್ಳಿಯ ಆರೋಗ್ಯವನ್ನು ವಹಿಸಿದರೆ ಏನಾಗುತ್ತದೆ? ಈ ಅನುಭವದ ಬಲದ ಮೇಲೆ 1980ರ ಡಿಸೆಂಬರಿನಲ್ಲಿ ಗ್ರಾಮೀಣ ಆರೋಗ್ಯಕ್ಕಾಗಿ ವಿಶೇಷ ಕಾನೂನು ಬಂತು. ನರ್ಸ್ ಅಥವಾ ಸೂಲಗಿತ್ತಿಯ ಪರವಾನಗಿ ಇದ್ದವರು 24 ವಾರ ತರಬೇತಿ ಪಡೆದು, ಡಾಕ್ಟರಿಲ್ಲದ ಊರಿನಲ್ಲಿ ನೆಲೆಸಿ, ಸಣ್ಣಪುಟ್ಟ ಕಾಯಿಲೆಗಳಿಗೆ ತಾವೇ ಔಷಧ ಕೊಡಬಹುದು, ಹೆರಿಗೆ ಮಾಡಿಸಬಹುದು, ಲಸಿಕೆ ಹಾಕಬಹುದು. ಈ ವ್ಯವಸ್ಥೆಗಾಗಿ ಓಡಾಡಿದವರಲ್ಲಿ ಯೊನ್ಸೆಯ ನರ್ಸಿಂಗ್ ಪ್ರಾಧ್ಯಾಪಕಿ ಕಿಮ್ ಮೊ-ಇಮ್ ಪ್ರಮುಖರು. ಮುಂದೆ ಅವರು ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯ ಅಧ್ಯಕ್ಷರಾದರು. 1998ರಲ್ಲಿ ದೇಶದ ಆರೋಗ್ಯ ಸಚಿವರೂ ಆದರು.

ಹಳ್ಳಿಯಲ್ಲೇ ಮನೆ ಮಾಡಿಕೊಂಡ ನರ್ಸಿಗೂ ಗುರಿಪಟ್ಟಿ ಹಿಡಿದು ಬಂದು ಹೋಗುವ ಕಾರ್ಯಕರ್ತೆಗೂ ಇರುವ ಅಂತರ ದೊಡ್ಡದು. ಊರಲ್ಲೇ ಇರುವವಳಿಗೆ ನಿನ್ನೆ ಕೇಳಿದ ಪ್ರಶ್ನೆಯ ಪರಿಣಾಮ ನಾಳೆ ಕಣ್ಣಿಗೆ ಬೀಳುತ್ತದೆ. ಇದೇ ಅವಧಿಯಲ್ಲಿ ಕೊರಿಯಾದ ನರ್ಸುಗಳು ತಮ್ಮ ಹೆಸರಿನಲ್ಲೇ ಬರೆಯತೊಡಗಿದರು. 1970ರಲ್ಲಿ ನರ್ಸಿಂಗ್ ವಿದ್ವತ್ ಸಂಘ ಮತ್ತು ಅದರ ಪತ್ರಿಕೆ ಆರಂಭವಾದವು. 1978ರಲ್ಲಿ ಯೊನ್ಸೆಯಲ್ಲಿ ದೇಶದ ಮೊದಲ ನರ್ಸಿಂಗ್ ಪಿಎಚ್‌ಡಿ ಶುರುವಾಯಿತು. ನಂತರ ಮಕ್ಕಳ ಆರೋಗ್ಯಕ್ಕೆ, ಸಮುದಾಯ ಆರೋಗ್ಯಕ್ಕೆ ಬೇರೆ ಬೇರೆ ಪತ್ರಿಕೆಗಳೇ ಬಂದವು. 1987ರಲ್ಲಿ ಕಾನೂನು ‘ಗಾನ್‌ಹೊವನ್’ ಪದವನ್ನು ‘ಗಾನ್‌ಹೊಸಾ’ ಎಂದು ಬದಲಿಸಿತು. ಕೊನೆಯ ‘ಸಾ’ ಎಂದರೆ ಗುರು, ಪರಿಣತ. ಆದರೂ ಮೊದಲಿನ ‘ಗಾನ್’, ಆ ಹುಬ್ಬಿನ ಮೇಲಿನ ಕೈ, ಹಾಗೆಯೇ ಉಳಿಯಿತು.

ಈಗ ಆ ಕೈ ದಿಟ್ಟಿಸುತ್ತಿರುವುದು ಬೇರೆಯದೇ ದೃಶ್ಯವನ್ನು. 2023ರಲ್ಲಿ ದಕ್ಷಿಣ ಕೊರಿಯಾದ ಒಟ್ಟು ಜನನ ದರ 0.72. ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಬದುಕುತ್ತವೆ. ಶಿಶುಮರಣ ಸಾವಿರಕ್ಕೆ ಎರಡು-ಮೂರರಷ್ಟೇ. ಆದರೆ ಮಕ್ಕಳೇ ಹುಟ್ಟುತ್ತಿಲ್ಲ. ಒಂದು ಕಾಲದಲ್ಲಿ ಪ್ರಯೋಗದ ನೆಲವಾಗಿದ್ದ ಗುನ್ವಿ ಇಂದು ದೇಶದ ಅತಿ ಹೆಚ್ಚು ವೃದ್ಧರಿರುವ ಜಿಲ್ಲೆಗಳಲ್ಲೊಂದು. ಡಾಕ್ಟರಿಲ್ಲದ ಊರುಗಳಿಗೆಂದು ಕಟ್ಟಿದ ಹಳ್ಳಿ ಕ್ಲಿನಿಕ್ಕುಗಳು ದೇಶದಲ್ಲಿ ಈಗಲೂ ಸುಮಾರು 1900 ಇವೆ. ಅಲ್ಲಿನ ನರ್ಸುಗಳು ಬಿ.ಪಿ. ನೋಡುತ್ತಾರೆ, ಮಂಡಿನೋವಿಗೆ ಮಾತ್ರೆ ಕೊಡುತ್ತಾರೆ, ಒಂಟಿ ಅಜ್ಜಿಯರ ಮಾತು ಕೇಳಿಸಿಕೊಳ್ಳುತ್ತಾರೆ.

ಸಂಶೋಧನೆಯ ಪ್ರಶ್ನೆಗಳೂ ಬದಲಾಗಿವೆ. ಹಳ್ಳಿಯ ರೈತನನ್ನು ಮದುವೆಯಾಗಿ ಬಂದ ವಿಯೆಟ್ನಾಮಿನ ಹುಡುಗಿ, ಭಾಷೆ ಬಾರದ ಅತ್ತೆಯ ಮನೆಯಲ್ಲಿ ಬಾಣಂತನ ಹೇಗೆ ಕಳೆಯುತ್ತಾಳೆ? ಹೆತ್ತ ಮೇಲೆ ಕವಿಯುವ ಖಿನ್ನತೆಯನ್ನು ಬೇಗ ಗುರುತಿಸುವುದು ಹೇಗೆ? ಸಿಯೋಲ್ ನಗರ 2013ರಲ್ಲಿ ಆಸ್ಟ್ರೇಲಿಯಾದ ಮಾದರಿಯೊಂದನ್ನು ತನಗೆ ಹೊಂದಿಸಿಕೊಂಡು, ಮಗು ಹುಟ್ಟಿದ ಮನೆಗಳಿಗೆ ನರ್ಸುಗಳನ್ನು ಕಳಿಸುವ ಕಾರ್ಯಕ್ರಮ ಆರಂಭಿಸಿತು. ಹೆಚ್ಚಿನ ನೆರವು ಬೇಕಾದ ತಾಯಂದಿರನ್ನು ಮಗುವಿಗೆ ಎರಡು ವರ್ಷವಾಗುವವರೆಗೆ ಅದೇ ನರ್ಸ್ ಮತ್ತೆ ಮತ್ತೆ ಭೇಟಿಯಾಗುತ್ತಾಳೆ. ತೇಹ್ವಾದಲ್ಲಿ ನೂರು ವರ್ಷಗಳ ಹಿಂದೆ ನಡೆದ ಕೆಲಸಕ್ಕೂ ಇದಕ್ಕೂ ಎಷ್ಟೊಂದು ಸಾಮ್ಯ! ಬಾಗಿಲಿಗೆ ಹುಲ್ಲಿನ ಹಗ್ಗವಿಲ್ಲ, ಅಪಾರ್ಟ್‌ಮೆಂಟಿನ ನಂಬರ್ ಲಾಕ್ ಇದೆ. ಒಳಗಿನ ತಾಯಿ ಮಾತ್ರ ಆಗಿನಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು, ಒಂಟಿ.

ನಮ್ಮ ‘ಶುಶ್ರೂಷೆ’ ಪದದ ಮೂಲ ಸಂಸ್ಕೃತದಲ್ಲಿದೆ. ಕೇಳುವ ಇಚ್ಛೆ ಎಂಬುದು ಅದರ ಮೂಲಾರ್ಥ. ಕೊರಿಯನ್ನರು ಈ ಕೆಲಸವನ್ನು ನೋಟದಿಂದ ಹೆಸರಿಸಿದರು, ನಾವು ಕಿವಿಯಿಂದ. ಅವರ ನೂರಿಪ್ಪತ್ತು ವರ್ಷಗಳನ್ನು ಓದಿದ ಮೇಲೆ ಎರಡೂ ಬೇಕು ಅನ್ನಿಸುತ್ತದೆ. ನೋಡಿ ಎಣಿಸಿದರೂ ಕೇಳಿಸಿಕೊಳ್ಳದೆ ಹೋದಾಗ ಅದೇ ನೋಟ್‌ಬುಕ್ ಗುರಿಪಟ್ಟಿಯಾಯಿತು. ಕೇಳಿಸಿಕೊಂಡಾಗ ಕಾನೂನೇ ಬದಲಾಯಿತು.

ಗೈಡ್ ಮೇಡಂಗೆ ಮುಂದಿನ ವಾರ ಹೊಸ ಕರಡು ಕೊಡಬೇಕು. ಪ್ರತಿ ಕೋಷ್ಟಕದ ಕೆಳಗೆ ಈ ಸಲ ಇನ್ನೊಂದು ಸಾಲು ಸೇರಿಸಿದ್ದೇನೆ: ಈ ಅಂಕಿ ಬರೆದುಕೊಳ್ಳಲು ಬಾಗಿಲು ತಟ್ಟಿದವಳು ಯಾರು, ಮೊದಲು ಏನು ಕೇಳಿದಳು. ಎಷ್ಟೋ ಕಡೆ ಆ ಸಾಲು ಖಾಲಿಯೇ ಇದೆ. ಖಾಲಿ ಬಿಟ್ಟೇ ಕೊಡುತ್ತೇನೆ.