ನಿದ್ದೆ ಕೆಟ್ಟಿತೋ, ನೆನಪು ಕೆಟ್ಟಿತೋ

ಸೊರಬ ತಾಲೂಕಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ್ದು 1957ರಿಂದೀಚೆಗೆ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು, ಪುಣೆಯಿಂದ ವೈರಾಣು ತಜ್ಞರು ಬಂದರು. ಅದೇ ಸೊರಬದಲ್ಲಿ, ಪಕ್ಕದ ಶಿಕಾರಿಪುರದಲ್ಲಿ ಅಜ್ಜ ರಾತ್ರಿ ಎರಡಕ್ಕೆ ಎದ್ದು ಜಗಲಿಯಲ್ಲಿ ಕೂತರೆ, ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ಯಾವ ತಜ್ಞರೂ ಬರಬೇಕಿಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರೇ ತೀರ್ಪು ಕೊಟ್ಟು ಮುಗಿಸುತ್ತಾರೆ. ಈ ಎರಡು ದೂರುಗಳಿಗೂ ನಂಟಿದೆಯೇ ಎಂದು ವಿಜ್ಞಾನ ಕೇಳತೊಡಗಿ ನೂರು ವರ್ಷವಾಯಿತು. ಮುದುಕರ ವಿಷಯದಲ್ಲಿ ಅದನ್ನು ಗಟ್ಟಿಯಾಗಿ ಕೇಳಿದ್ದು ಮಾತ್ರ ತೀರ ಈಚೆಗೆ.

1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಂದ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿಸಿದರು. ಎಚ್ಚರವಿದ್ದಾಗಿನದಕ್ಕಿಂತ ಮಲಗಿ ಎದ್ದಾಗ ಮರೆತದ್ದು ಕಡಿಮೆ. 1953ರಲ್ಲಿ ಕಣ್ಣುಗುಡ್ಡೆ ಸರಸರ ಚಲಿಸುವ ನಿದ್ದೆಯ ಘಟ್ಟ ಪತ್ತೆಯಾಯಿತು. 1989ರಲ್ಲಿ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಬಂತು: ಕಳೆದ ಒಂದು ತಿಂಗಳ ನಿದ್ದೆಗೆ 0ಯಿಂದ 21ರವರೆಗೆ ಅಂಕ, 5 ದಾಟಿದರೆ ನಿದ್ದೆ ಸರಿಯಿಲ್ಲ ಎಂದರ್ಥ.

ನಮ್ಮಲ್ಲಿ ನಡೆದ ಕೆಲಸಗಳಲ್ಲಿ ನನಗೆ ಹಿಡಿಸಿದ್ದು 2005ರಲ್ಲಿ ಪ್ರಕಟವಾದ ಎನ್.ಕೆ. ಮಂಜುನಾಥ್ ಮತ್ತು ಶಿರ್ಲಿ ಟೆಲ್ಸ್ ಅವರ ಅಧ್ಯಯನ. ವೃದ್ಧಾಶ್ರಮವೊಂದರ 69 ಮಂದಿಯಲ್ಲಿ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಆಯುರ್ವೇದದ ಔಷಧ, ಮೂರನೆಯದಕ್ಕೆ ಏನೂ ಇಲ್ಲ. ಆರು ತಿಂಗಳಲ್ಲಿ ಯೋಗದವರಿಗೆ ಸುಮಾರು 10 ನಿಮಿಷ ಬೇಗ ನಿದ್ದೆ ಹತ್ತಿತು, ಒಂದು ಗಂಟೆ ಹೆಚ್ಚು ಮಲಗಿದರು. ಉಳಿದೆರಡು ಗುಂಪುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದು ಅವರವರೇ ಹೇಳಿದ ಲೆಕ್ಕ, ನಿಜ. ಆದರೆ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಅವರ ತಂಡ ತಲೆಗೆ ವೈರು ಅಂಟಿಸಿ ವಿಪಶ್ಯನ ಸಾಧಕರ ನಿದ್ದೆ ಅಳೆದಾಗಲೂ, ವಯಸ್ಸಿನೊಂದಿಗೆ ಸವೆಯುವ ಆಳನಿದ್ದೆ ಅವರಲ್ಲಿ ಹೆಚ್ಚು ಉಳಿದಿತ್ತು.

2013ರಲ್ಲಿ ಅಮೆರಿಕದ ರೋಚೆಸ್ಟರ್‌ನಿಂದ ದೊಡ್ಡ ಸುದ್ದಿ ಬಂತು: ನಿದ್ದೆಯಲ್ಲಿ ಇಲಿಯ ಮಿದುಳು ತನ್ನ ಕಸ ತೊಳೆದುಕೊಳ್ಳುತ್ತದೆ, ಆಲ್‌ಝೈಮರ್‌ಗೆ ನಂಟಿರುವ ಅಮಿಲಾಯ್ಡ್ ಕೂಡ ಬೇಗ ಹೊರಹೋಗುತ್ತದೆ. ಪತ್ರಿಕೆಗಳು ಇದನ್ನೇ ಹಿಡಿದು ಓಡಿದವು. 2024ರಲ್ಲಿ ಲಂಡನ್ನಿನ ತಂಡವೊಂದು ಇಲಿಗಳಲ್ಲೇ ಇದಕ್ಕೆ ತದ್ವಿರುದ್ಧ ಫಲಿತಾಂಶ ಕೊಟ್ಟಿದ್ದು ಅಷ್ಟು ಓಡಲಿಲ್ಲ. ಬ್ರಿಟನ್ನಿನ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ 2021ರ ವರದಿ, 50ರಿಂದ 70ರ ವಯಸ್ಸಿನುದ್ದಕ್ಕೂ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರಿಗೆ ಡಿಮೆನ್ಷಿಯಾ ಅಪಾಯ ಶೇ. 30ರಷ್ಟು ಹೆಚ್ಚು ಎಂದಿತು. ಆದರೆ ಮಿದುಳಿನ ಆ ರೋಗ ಲಕ್ಷಣ ತೋರುವುದಕ್ಕೆ ಹತ್ತಾರು ವರ್ಷ ಮೊದಲೇ ಶುರುವಾಗಿರುತ್ತದೆ. ಕೆಟ್ಟ ನಿದ್ದೆ ಕಾರಣವೋ, ಅದರ ಮೊದಲ ಸುಳಿವೋ? ವೈದ್ಯಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಡಿಮೆನ್ಷಿಯಾದ ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದಾಗ ಕಿವುಡುತನವನ್ನು ಸೇರಿಸಿತು, ನಿದ್ದೆಯನ್ನು ಸೇರಿಸಲಿಲ್ಲ. ಸರಿಯಾದ ಎಚ್ಚರಿಕೆ ಎಂದೇ ನನ್ನ ಎಣಿಕೆ.

ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಈಗ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಹಿಡಿದಿದೆ. ಓದುಬರಹ ಬಾರದವರ ನೆನಪನ್ನು ಅಳೆಯಲು ಕನ್ನಡದಲ್ಲೇ ಪರೀಕ್ಷೆಗಳೂ ಬಂದಿವೆ. ನಿದ್ದೆಯ ಪ್ರಶ್ನಾವಳಿ ಮಾತ್ರ ನಮ್ಮ ಕಡೆಯ ಬದುಕಿಗೆ ಇನ್ನೂ ಒಗ್ಗಿಲ್ಲ. ‘ಕಳೆದ ಒಂದು ತಿಂಗಳು’ ಎಂದರೆ ಯಾವ ತಿಂಗಳು? ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿವರೆಗೆ ಕೂತು ಸುಲಿಯುವ ಅಜ್ಜಿ, ಮೆಕ್ಕೆಜೋಳದ ಹೊಲದಲ್ಲಿ ಹಂದಿ ಕಾಯುವ ಅಜ್ಜ, ತ್ರೀಫೇಸ್ ಕರೆಂಟು ಬಂತೆಂದು ಅಪರಾತ್ರಿಯಲ್ಲಿ ಎದ್ದು ಮೋಟರ್ ಹಾಕುವವರು, ಇವರೆಲ್ಲರ ಅಂಕ ಸುಗ್ಗಿಯಲ್ಲೊಂದು, ಮಳೆಗಾಲದಲ್ಲೊಂದು.

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕಾರ್ಯಕ್ರಮಕ್ಕೆ ಮನೋವೈದ್ಯರು ಬರುತ್ತಾರೆ. ಮರೆವಿನ ಹಿಂದೆ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ ಇರಬಹುದು. ಸಂಜೆ ನುಂಗಿದ ಬಿ.ಪಿ. ಮಾತ್ರೆ ಮೂತ್ರಕ್ಕೆ ಎಬ್ಬಿಸುತ್ತಿರಬಹುದು; ಚೀಟಿಯಿಲ್ಲದೆ ತಂದ ನಿದ್ದೆ ಮಾತ್ರೆಯೇ ತಲೆ ಮಂಕು ಮಾಡಿರಬಹುದು. ಇವೆಲ್ಲ ಸರಿಪಡಿಸಬಹುದಾದ ಕಾರಣಗಳು. ಆದರೆ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ ಮಗ ‘ಮರೆವು ಸಾರ್’ ಎಂದಷ್ಟೇ ಹೇಳುತ್ತಾನೆ. ರಾತ್ರಿ ಎಷ್ಟು ಸಲ ಎದ್ದರು, ಗೊರಕೆ ಯಾವಾಗ ನಿಂತಿತು ಎಂದು ಹೇಳಬಲ್ಲ ಅಮ್ಮನನ್ನು ಬೈಕಿನಲ್ಲಿ ಜಾಗವಿಲ್ಲವೆಂದು ಮನೆಯಲ್ಲೇ ಬಿಟ್ಟು ಬಂದಿರುತ್ತಾನೆ.