ಬಿಚ್ಚಿಟ್ಟ ಮೌತ್ ಆರ್ಗನ್

ಜರ್ಮನಿಯ ಟ್ರೊಸ್ಸಿಂಗೆನ್ ಊರಿನ ಗಡಿಯಾರ ತಯಾರಕ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ತಯಾರಿಕೆ ಆರಂಭಿಸಿದರು. ಅವರ ಕಂಪನಿ 1896ರಲ್ಲಿ ಹೊರತಂದ ‘ಮರೀನ್ ಬ್ಯಾಂಡ್’ ಮಾದರಿಯನ್ನು ಬಿಚ್ಚಿದರೆ ಒಳಗೆ ಕಾಣುವುದು ಇಷ್ಟು.

ನಡುವೆ ಹತ್ತು ತೂತುಗಳ ಪೇರ್ ಮರದ ಪಟ್ಟಿ. ಮೇಲೆ, ಕೆಳಗೆ ಹತ್ತತ್ತು ರೀಡುಗಳಿರುವ, ಅಂದರೆ ಉಸಿರಿಗೆ ಕಂಪಿಸುವ ತೆಳು ಲೋಹದ ನಾಲಗೆಗಳಿರುವ, ಹಿತ್ತಾಳೆ ತಗಡು. ಎಂಜಲಿನ ತೇವಕ್ಕೆ ಮರ ಉಬ್ಬಿ ತುಟಿ ತರಚುತ್ತಿತ್ತು. ತಗಡುಗಳನ್ನು ಹಿಡಿದಿಟ್ಟಿದ್ದ ಸಣ್ಣ ಮೊಳೆಗಳನ್ನು ಒಮ್ಮೆ ಕಿತ್ತರೆ ಮತ್ತೆ ಅಷ್ಟೇ ಬಿಗಿಯಾಗಿ ಕೂರುವುದು ಕಷ್ಟ. ಅದಕ್ಕೇ ಕುಶಲ ರಿಪೇರಿಗಾರರು ಮೊಳೆಯ ಜಾಗದಲ್ಲಿ ಸ್ಕ್ರೂ ಹಾಕುತ್ತಾರೆ, ಮರ ನೀರು ಹೀರದಂತೆ ಲೇಪ ಕೊಡುತ್ತಾರೆ.

ನಿಜವಾದ ಕೈಚಳಕ ಇರುವುದು ಶ್ರುತಿ ಕೂಡಿಸುವುದರಲ್ಲಿ. ರೀಡಿನ ತುದಿಯನ್ನು ತುಸುವೇ ಕೆರೆದರೆ ಸ್ವರ ಏರುತ್ತದೆ, ರಿವೆಟ್ ಇರುವ ಬುಡದ ಬಳಿ ಕೆರೆದರೆ ಇಳಿಯುತ್ತದೆ. ಕೆರೆದ ಲೋಹ ಮರಳಿ ಅಂಟದು. ಹಾಗಾಗಿ ಎರಡು ಗೀರು, ಒಮ್ಮೆ ಊದಿ ನೋಡುವುದು, ಮತ್ತೆ ಎರಡು ಗೀರು. ಗಾಳಿ ಸೋರದಿರಲೆಂದು ಕೆಲವರು ರೀಡಿನ ಸೀಳಿನ ಅಂಚನ್ನು ಒತ್ತಿ ಕಿರಿದಾಗಿಸುತ್ತಾರೆ. ಇದರಿಂದ ಮೆಲ್ಲನೆ ಊದಿದರೂ ಸ್ವರ ಹೊಮ್ಮುತ್ತದೆ.

ಸ್ವರ ನಿಂತಿತೆಂದು ವಾದ್ಯವನ್ನು ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಎಷ್ಟೋ ಸಲ ಜೇಬಿನ ನೂಲೆಳೆಯೊಂದು ರೀಡಿಗೆ ಸಿಕ್ಕಿಕೊಂಡಿರುತ್ತದೆ.